ಮೇಷ್ಟ್ರು ಕಲ್ಲೆತ್ತಿದಾಗ

ದಕ್ಷಿಣ ಕೊರಿಯಾದ ಡೇಜಾನ್ ನಗರದ ಹತ್ತಿರ ಜಾಂಗ್‌ತೇಸಾನ್ ಎಂಬ ಬೆಟ್ಟವಿದೆ. 2003ರ ಏಪ್ರಿಲ್‌ನಲ್ಲಿ ಶಾಲೆಯ ಮಕ್ಕಳೊಂದಿಗೆ ಅಲ್ಲಿ ಸಲಮಾಂಡರ್ ಎಂಬ ಬಾಲವುಳ್ಳ ಉಭಯವಾಸಿಯನ್ನು ಹುಡುಕುತ್ತಿದ್ದವರು ವಿಜ್ಞಾನದ ಮೇಷ್ಟ್ರು ಸ್ಟೀಫನ್ ಕಾರ್ಸೆನ್. ಅಮೆರಿಕದ ಇಲಿನಾಯ್ ರಾಜ್ಯದವರು, ಡೇಜಾನ್‌ನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಹಾವು, ಕಪ್ಪೆಗಳ ನಂಟು ಅವರಿಗೆ ಹಳೆಯದು. ಹಾಂಗ್‌ಕಾಂಗ್‌ನ ಉಭಯವಾಸಿಗಳು ಮತ್ತು ಸರೀಸೃಪಗಳ ಬಗ್ಗೆ 1986ರಲ್ಲಿ ಬಂದ ಪುಸ್ತಕದ ಲೇಖಕರಲ್ಲಿ ಅವರೂ ಒಬ್ಬರು.

ಕಲ್ಲಿನಡಿ ಸಿಕ್ಕಿದ ಜೀವಿ ಬಾಲ ಬಿಟ್ಟರೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ. ನಮ್ಮಲ್ಲಿ ಯಾರೇ ನೋಡಿದರೂ ಹಲ್ಲಿಮರಿ ಎಂದುಬಿಡುತ್ತಿದ್ದರು. ಅದರಲ್ಲಿ ತಪ್ಪೂ ಇಲ್ಲ. ಕಪ್ಪೆಗಳಿಂದ ತುಂಬಿದ ಪಶ್ಚಿಮಘಟ್ಟದಲ್ಲಿ ಸಲಮಾಂಡರ್ ಒಂದೂ ಇಲ್ಲ, ಭಾರತದಲ್ಲಿ ಅವು ಇರುವುದು ಡಾರ್ಜಿಲಿಂಗ್ ಹಾಗೂ ಈಶಾನ್ಯದ ಬೆಟ್ಟಗಳಲ್ಲಿ. ಆದರೆ ಕಾರ್ಸೆನ್ ಅವರಿಗೆ ಅದು ಕೊರಿಯಾದ ಸಲಮಾಂಡರಿನಂತೆ ಕಾಣಲಿಲ್ಲ. ತಮ್ಮ ನಾಡಿನ ಕಾಡುಗಳಲ್ಲಿ ಕಾಣಸಿಗುವ ಜಾತಿಯ ಹೋಲಿಕೆ ಅದಕ್ಕಿತ್ತು.

ಆ ಜಾತಿಯ ಕುಟುಂಬಕ್ಕೆ ಪ್ಲೆಥೊಡಾಂಟಿಡೇ ಎಂದು ಹೆಸರು. ಜಗತ್ತಿನ ಸಲಮಾಂಡರ್ ಪ್ರಭೇದಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದೊಂದೇ ಕುಟುಂಬದವು. ಹೆಚ್ಚುಕಡಿಮೆ ಎಲ್ಲವೂ ಅಮೆರಿಕ ಖಂಡಗಳಲ್ಲಿವೆ. ಬೆರಳೆಣಿಕೆಯಷ್ಟು ಇಟಲಿ ಮತ್ತು ಅದರ ಆಸುಪಾಸಿನಲ್ಲಿ. ಏಷ್ಯಾದಲ್ಲಿ ಒಂದೂ ಇಲ್ಲವೆಂದೇ ಪ್ರಾಣಿಶಾಸ್ತ್ರಜ್ಞರು ತಿಳಿದಿದ್ದರು.

ಇವಕ್ಕೆ ಶ್ವಾಸಕೋಶವೇ ಇಲ್ಲ. ತೇವವಾದ ಚರ್ಮ ಮತ್ತು ಬಾಯಿಯ ಒಳಪದರದಿಂದಲೇ ಉಸಿರಾಟ. ಚರ್ಮ ಒಣಗಿತೋ, ಉಸಿರು ಕಟ್ಟಿದಂತೆಯೇ. ಬೇರೆ ಉಭಯವಾಸಿಗಳಲ್ಲಿ ಗಂಟಲಿನ ಎಲುಬುಗಳು ಗಾಳಿಯನ್ನು ಶ್ವಾಸಕೋಶಕ್ಕೆ ನೂಕುವ ಕೆಲಸಕ್ಕೂ ಬೇಕು. ಇವುಗಳಲ್ಲಿ ಆ ಕೆಲಸವೇ ಇಲ್ಲದ್ದರಿಂದ ಅದೇ ಎಲುಬುಗಳು ನಾಲಿಗೆಯನ್ನು ಚಿಮ್ಮಿಸಿ ಹುಳ ಹಿಡಿಯಲು ಒದಗಿಬಂದವು. ನನಗೆ ಈ ಕುಟುಂಬದ ಬಗ್ಗೆ ಅತಿ ಹೆಚ್ಚು ಬೆರಗು ಹುಟ್ಟಿಸುವ ಸಂಗತಿ ಇದು.

ಆದರೆ ಶ್ವಾಸಕೋಶ ಇಲ್ಲದಿರುವುದಷ್ಟೇ ಸಾಕ್ಷಿಯಾಗುತ್ತಿರಲಿಲ್ಲ. ಕೊರಿಯಾದ ತೊರೆಗಳಲ್ಲಿರುವ, ಉಗುರುಳ್ಳ ಇನ್ನೊಂದು ಸಲಮಾಂಡರಿಗೂ ಶ್ವಾಸಕೋಶವಿಲ್ಲ, ಅದರ ಕುಟುಂಬವೇ ಬೇರೆ. ಪ್ಲೆಥೊಡಾಂಟಿಡೇಗಳ ಖಚಿತ ಗುರುತು ಮೂಗಿನ ಹೊಳ್ಳೆಯಿಂದ ಮೇಲ್ದುಟಿಗೆ ಇಳಿಯುವ ಒಂದು ಸಣ್ಣ ಗೀರು. ನೆಲದ ವಾಸನೆಯ ಕಣಗಳು ಆ ಗೀರಿನ ಮೂಲಕ ಮೂಗಿಗೆ ಏರುತ್ತವೆ. ಜಾಂಗ್‌ತೇಸಾನ್‌ನ ಜೀವಿಯ ಮುಖದಲ್ಲಿ ಆ ಗೀರು ಇತ್ತು.

ಮಾದರಿಗಳು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಡೇವಿಡ್ ವೇಕ್ ಅವರ ಕೈಸೇರಿದವು. ಈ ಕುಟುಂಬದ ಅಧ್ಯಯನಕ್ಕೇ ಬದುಕನ್ನು ಕೊಟ್ಟವರು ಅವರು. ಎಲುಬುಗಳ ರಚನೆಯನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿದಾಗ ಬಂದ ಉತ್ತರ ಒಂದೇ: ಇದು ಆ ಕುಟುಂಬದ್ದೇ, ಆದರೆ ಕೋಟ್ಯಂತರ ವರ್ಷಗಳ ಹಿಂದೆಯೇ ಅಮೆರಿಕದ ಬಂಧುಗಳಿಂದ ಬೇರೆಯಾದ ಕವಲು. ಹಾಗಾದರೆ ಒಂದು ಕಾಲಕ್ಕೆ ಈ ಕುಟುಂಬ ಇನ್ನೂ ವಿಶಾಲವಾದ ನೆಲದಲ್ಲಿ ಹರಡಿತ್ತು. ಕೊರಿಯಾದ ಮಿ-ಸುಕ್ ಮಿನ್ ಮೊದಲ ಲೇಖಕಿಯಾಗಿ, ವೇಕ್ ಮತ್ತು ಇತರರು ಸೇರಿ ಬರೆದ ಪ್ರಬಂಧ 2005ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಷ್ಟು ಕಾಲ ಇದು ಕಣ್ಣಿಗೆ ಬೀಳದೆ ಉಳಿದದ್ದು ಹೇಗೆ? ಅಲ್ಲಿನ ಬೇರೆ ಸಲಮಾಂಡರ್‌ಗಳು ನೀರಿನಲ್ಲಿ ಮೊಟ್ಟೆಯಿಡುತ್ತವೆ, ಹುಡುಕುವವರೂ ತೊರೆ, ಹೊಂಡಗಳ ಕಡೆಗೇ ಹೋಗುತ್ತಾರೆ. ಇದಾದರೋ ಕಾಡಿನ ಇಳಿಜಾರಿನಲ್ಲಿ, ಪಾಚಿ ಕಟ್ಟಿದ ಕಲ್ಲುರಾಶಿಯ ಸಂದುಗಳಲ್ಲಿ ಬದುಕುವಂಥದ್ದು. ಇಲ್ಲಿ ಅಪರೂಪವಾಗಿದ್ದದ್ದು ಪ್ರಾಣಿಯಲ್ಲ, ಆ ಕಲ್ಲುಗಳ ಕಡೆಗೆ ನೋಡುವ ಕಣ್ಣು ಎಂದೇ ನಾನು ನಂಬುತ್ತೇನೆ. ಎಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ ದಕ್ಷಿಣ ಕೊರಿಯಾದ ಹಲವೆಡೆ ಅದು ಸಿಕ್ಕಿತು.

ಹೊಸ ಕುಲಕ್ಕೆ ಮೇಷ್ಟ್ರ ಹೆಸರನ್ನೇ ಇಟ್ಟರು: ಕಾರ್ಸೆನಿಯಾ ಕೊರಿಯಾನಾ. ಆ ಕುಲದಲ್ಲಿ ಗೊತ್ತಿರುವ ಪ್ರಭೇದ ಇದೊಂದೇ. ಇಡೀ ಏಷ್ಯಾದಲ್ಲಿ ಆ ಕುಟುಂಬದ ಪ್ರತಿನಿಧಿಯೂ ಇದೊಂದೇ.