ಸ್ಟ್ಯಾನ್ಲಿ ಸೋದರರ ಮೇಳ: ಒಂದು ಬಾನಿ ಸಂಪ್ರದಾಯವಾದ ಬಗೆ

‘ಸಾಂಪ್ರದಾಯಿಕ’ ಎಂಬ ವಿಶೇಷಣವನ್ನು ನಾವು ಇತಿಹಾಸದ ಬರವಣಿಗೆಯಲ್ಲಿ ಧಾರಾಳವಾಗಿ ಬಳಸುತ್ತೇವೆ. ಆ ಸಂಪ್ರದಾಯವು ಎಂದು, ಯಾರ ಕೈಯಲ್ಲಿ ಸಂಪ್ರದಾಯವಾಯಿತೆಂದು ಕೇಳುವುದು ಅಪರೂಪ. ಅಮೆರಿಕದ ಅಪಲೇಷಿಯನ್ ಗುಡ್ಡಗಾಡಿನ ಬ್ಲೂಗ್ರಾಸ್ ಸಂಗೀತ ಈ ಪ್ರಶ್ನೆಗೆ ತಕ್ಕ ನಿದರ್ಶನ. ಪುರಾತನವೆಂಬಂತೆ ಕೇಳಿಸುವ ಈ ಪದ್ಧತಿ ರೂಪುಗೊಂಡದ್ದು ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಅದೂ ರೇಡಿಯೋ ಕೇಂದ್ರಗಳ ಆಸರೆಯಲ್ಲಿ.

ಹೆಸರು ಬಂದುದು ಕೆಂಟಕಿಯ ಬಿಲ್ ಮನ್ರೋನ ‘ಬ್ಲೂ ಗ್ರಾಸ್ ಬಾಯ್ಸ್’ ಮೇಳದಿಂದ. 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಆ ಮೇಳವನ್ನು ಸೇರಿ, ಐದು ತಂತಿಯ ಬ್ಯಾಂಜೋವನ್ನು ಬಲಗೈಯ ಮೂರು ಬೆರಳುಗಳಿಂದ ಮೀಟಿ ಬಿಡುವಿಲ್ಲದ ಸ್ವರಧಾರೆಯನ್ನು ಹೊರಡಿಸಿದನು. ಮನ್ರೋನ ಮ್ಯಾಂಡೊಲಿನ್, ಅವನ ತಾರಸ್ಥಾಯಿಯ ಕಂಠ, ಪಿಟೀಲು, ಗಿಟಾರ್ ಇವುಗಳೊಡನೆ ಅದು ಬೆರೆತಾಗ ಹೊಸದೊಂದು ನಾದ ಹುಟ್ಟಿತು. ಆದರೆ ಅಲ್ಲಿಯವರೆಗೆ ಅದು ಒಬ್ಬನ ಮೇಳದ ಬಾನಿ ಮಾತ್ರ.

ವರ್ಜೀನಿಯಾದ ನೈರುತ್ಯ ಮೂಲೆಯ ಡಿಕನ್ಸನ್ ಕೌಂಟಿಯವರಾದ ಕಾರ್ಟರ್ ಮತ್ತು ರಾಲ್ಫ್ ಸ್ಟ್ಯಾನ್ಲಿ ಸೋದರರು ಸೈನ್ಯದಿಂದ ಹಿಂತಿರುಗಿ, 1946ರಲ್ಲಿ ‘ಕ್ಲಿಂಚ್ ಮೌಂಟನ್ ಬಾಯ್ಸ್’ ಮೇಳವನ್ನು ಕಟ್ಟಿದರು. ರಾಲ್ಫನಿಗೆ ಮೊದಲ ಬ್ಯಾಂಜೋ ಪಾಠ ತಾಯಿಯದು. ಅವರು ಬೆಳೆದ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಚರ್ಚಿನಲ್ಲಾದರೋ ವಾದ್ಯಕ್ಕೆ ಪ್ರವೇಶವೇ ಇಲ್ಲ. ಒಬ್ಬನು ಸಾಲನ್ನು ಹೇಳಿಕೊಟ್ಟರೆ ಸಭೆ ಅದನ್ನು ಎಳೆದೆಳೆದು ಹಾಡುತ್ತದೆ. ಆ ವರ್ಷದ ಕೊನೆಗೆ ಬ್ರಿಸ್ಟಲ್ ರೇಡಿಯೋ ಕೇಂದ್ರದ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಅವರಿಗೆ ಸ್ಥಾನ ದೊರೆಯಿತು. ರೈತರು ಊಟಕ್ಕೆ ಮನೆ ಸೇರುವ ಹೊತ್ತದು. ಸಂಜೆ ಯಾವ ಶಾಲೆಯ ಕಟ್ಟಡದಲ್ಲಿ ಆಟವೆಂಬುದನ್ನು ಅಲ್ಲಿಯೇ ಸಾರುತ್ತಿದ್ದರು. ಮೇಳದ ಜೀವನ ನಡೆದುದು ಆ ಟಿಕೆಟ್ಟಿನ ಹಣದಿಂದ.

ಮುಖ್ಯ ಘಟನೆ ನಡೆದುದು 1948ರಲ್ಲಿ. 1878ರ ಒಂದು ಕುದುರೆ ಪಂದ್ಯವನ್ನು ಕುರಿತ ‘ಮಾಲಿ ಅಂಡ್ ಟೆನ್‌ಬ್ರೂಕ್ಸ್’ ಎಂಬ ಹಾಡನ್ನು ಮನ್ರೋ 1947ರಲ್ಲಿಯೇ ಮುದ್ರಿಸಿದ್ದನಾದರೂ ತಟ್ಟೆ ಹೊರಬಿದ್ದುದು 1949ರಲ್ಲಿ. ಅಷ್ಟರೊಳಗೆ ಸ್ಟ್ಯಾನ್ಲಿ ಮೇಳ, ರಿಚ್-ಆರ್-ಟೋನ್ ಎಂಬ ಸಣ್ಣ ಕಂಪನಿಗೆ ಅದೇ ಹಾಡನ್ನು ಮನ್ರೋನ ಧಾಟಿಯಲ್ಲಿಯೇ ಹಾಡಿಬಿಟ್ಟಿತ್ತು. ಎರಡು ಬೆರಳಿನ ವಾದನವನ್ನು ಬಿಟ್ಟು ರಾಲ್ಫನೂ ಮೂರು ಬೆರಳಿಗೆ ಬಂದಿದ್ದನು. ಒಬ್ಬನ ನಾದವು ಹಲವರ ಶೈಲಿಯಾದ ಗಳಿಗೆ ಇದೆಂದು ನೀಲ್ ರೋಸೆನ್‌ಬರ್ಗ್ 1967ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಈ ವಾದ ನನಗೆ ಒಪ್ಪಿಗೆ, ಆದರೆ ಅರ್ಧ ಮಾತ್ರ. ಅನುಕರಣೆಯೊಂದರಿಂದಲೇ ಸಂಪ್ರದಾಯವಾಗದು, ಅನುಕರಿಸಿದವನು ತನ್ನದೇನನ್ನಾದರೂ ಅದಕ್ಕೆ ಸೇರಿಸಬೇಕು. 1949ರಲ್ಲಿ ಕೊಲಂಬಿಯಾ ಕಂಪನಿಗೆ ಮುದ್ರಿಸತೊಡಗಿದಾಗ ಈ ಸೋದರರು ಎರಡು ಕಂಠಗಳ ಮೇಲೆ ಇನ್ನೂ ಎತ್ತರದ ಮೂರನೆಯದನ್ನು ನಿಲ್ಲಿಸಿದರು. ಅದು ಮನ್ರೋನಿಂದ ಪಡೆದುದಲ್ಲ. ಅವರನ್ನು ಕೊಲಂಬಿಯಾ ಸೇರಿಸಿಕೊಂಡುದಕ್ಕೆ ಮನ್ರೋ ಮುನಿದು ಡೆಕ್ಕಾ ಕಂಪನಿಗೆ ಹೋದನೆನ್ನುತ್ತಾರೆ. ಆದರೂ 1951ರಲ್ಲಿ ಕಾರ್ಟರ್ ಕೆಲಕಾಲ ಅದೇ ಮನ್ರೋನ ಮೇಳದಲ್ಲಿ ಹಾಡಿದನು!

1966ರಲ್ಲಿ, 41ನೆಯ ವಯಸ್ಸಿನಲ್ಲಿ, ಕಾರ್ಟರ್ ತೀರಿಕೊಂಡನು. ರಾಲ್ಫ್ 2016ರಲ್ಲಿ ಸಾಯುವವರೆಗೂ ಮೇಳದ ಹೆಸರನ್ನು ಉಳಿಸಿದನು. ಬಾಲ್ಯದ ಚರ್ಚಿನ ವಾದ್ಯರಹಿತ ಗಾಯನವನ್ನು ಬ್ಲೂಗ್ರಾಸ್ ವೇದಿಕೆಗೆ ತಂದನು. 2000ದ ಒಂದು ಚಲನಚಿತ್ರಕ್ಕಾಗಿ ಹಾಡಿದ ‘ಓ ಡೆತ್’ ಎಂಬ ಹಾಡು ಅವನಿಗೆ 2002ರಲ್ಲಿ ಗ್ರಾಮಿ ಪ್ರಶಸ್ತಿಯನ್ನು ತಂದಿತು. ಬ್ಲೂಗ್ರಾಸಿನ ಮೂಲಸ್ವರವನ್ನೇ ಕೇಳಿದೆವೆಂದು ಆಗ ಅನೇಕರು ಭಾವಿಸಿದರು. ಆ ಹಾಡಿನಲ್ಲಿ ಬ್ಯಾಂಜೋ ಇರಲಿ, ಯಾವ ವಾದ್ಯವೂ ಇಲ್ಲ.