ದೂರದವರ ಪಾಲು

ಆಗಸ್ಟ್ ತಿಂಗಳು ಮುಗಿಯುತ್ತ ಬಂದಂತೆ ದಕ್ಷಿಣ ಕನ್ನಡದಲ್ಲಿ ಮಳೆಯ ಆರ್ಭಟ ಇಳಿಯುತ್ತದೆ. ಬೇಲಿಗಳ ಮೇಲೆ ಹೂವು ತುಂಬುತ್ತದೆ. ಆ ದಿನಗಳಲ್ಲಿ ಇಗರ್ಜಿಯ ಹಾದಿ ಹಿಡಿದವರಿಗೆ ಒಂದು ನೋಟ ಕಾಣಸಿಗುತ್ತದೆ. ಬೆನ್ನಿಗೆ ಪುಸ್ತಕದ ಚೀಲ, ಕೈಯಲ್ಲಿ ದಾಸವಾಳ, ಗೊಂಡೆ, ಕೇಪುಳ ಹೂಗಳ ಪುಟ್ಟ ಬುಟ್ಟಿ—ಹೀಗೆ ಪ್ರಾಥಮಿಕ ಶಾಲೆಯ ಮಕ್ಕಳು ಸಾಲುಗಟ್ಟಿ ನಡೆಯುತ್ತಾರೆ. ಇಗರ್ಜಿಯೂ ಶಾಲೆಯೂ ಒಂದೇ ಆವರಣದಲ್ಲಿರುವುದು ಇಲ್ಲಿಯ ಎಷ್ಟೋ ಕಥೋಲಿಕ ಊರುಗಳ ವಾಡಿಕೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ. ಸೆಪ್ಟೆಂಬರ್ 8 ಆಕೆಯ ಜನ್ಮದಿನ. ಅದೇ ಮೊಂತಿ ಹಬ್ಬ, ಅದೇ ತೆನೆಹಬ್ಬ.

ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವೆಯಿಂದ ಬಂದ ಪಾದ್ರಿ ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಇಪ್ಪತ್ತೊಂದು ವರ್ಷ ಕಳೆಯುವಷ್ಟರಲ್ಲಿ ಈ ಸಮುದಾಯಕ್ಕೆ ದುರ್ದಿನಗಳು ಒದಗಿದವು. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1799ರಲ್ಲಿ ಪಟ್ಟಣ ಬಿದ್ದ ಬಳಿಕವೇ ಅಳಿದುಳಿದವರು ಊರು ಸೇರಿದ್ದು. ಚದರಿಹೋಗುವುದೆಂದರೇನೆಂದು ಬಲ್ಲ ಜನ, ಕೂಡಿ ಉಣ್ಣುವ ಹಬ್ಬವನ್ನು ಇಷ್ಟು ಅಕ್ಕರೆಯಿಂದ ಕಾಪಾಡಿಕೊಂಡು ಬಂದುದರಲ್ಲಿ ಆಶ್ಚರ್ಯವಿಲ್ಲ.

ಹಬ್ಬದ ದಿನ ಪಾದ್ರಿಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಹೂವು ತಂದ ಮಕ್ಕಳಿಗೆ ಕಬ್ಬಿನ ತುಂಡು ದೊರೆಯುತ್ತದೆ. ಮನೆಯಲ್ಲಿ ಅಂದು ಮೀನುಮಾಂಸಗಳಿಗೆ ಬಿಡುವು. ಕೆಸುವಿನ ದಂಟು, ಬೆಂಡೆ, ಹೀರೆ ಮೊದಲಾದ ತರಕಾರಿಗಳ ಪದಾರ್ಥಗಳು ಬಾಳೆಲೆಯ ಮೇಲೆ ಬರುತ್ತವೆ. ಮನೆಯ ಹಿರಿಯರು ಪ್ರಾರ್ಥಿಸಿ, ತೆನೆಯ ಕಾಳನ್ನು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಕೊಂಕಣಿಯಲ್ಲಿ ಇದಕ್ಕೆ ‘ನೊವೆಂ’ ಎಂದು ಹೆಸರು. ಊರಲ್ಲಿಲ್ಲದವರಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿಯೂ ಉಂಟು.

ಈ ಪದ್ಧತಿಯ ಅರ್ಥ ನನಗೆ ಹೊಳೆದದ್ದು ಒಂದು ಶಾಲೆಯ ಜಗಲಿಯಲ್ಲಿ. ಮೂರನೆಯ ತರಗತಿಯ ಮಕ್ಕಳು ಹಬ್ಬದೂಟಕ್ಕೆ ತಮ್ಮ ಮನೆಯಲ್ಲಿ ಎಷ್ಟು ಮಂದಿ ಸೇರುವರೆಂದು ಸರದಿಯಂತೆ ಹೇಳುತ್ತಿದ್ದರು. ಒಬ್ಬ ಹುಡುಗಿ ತಲೆ ತಗ್ಗಿಸಿ, “ನಾವಿಬ್ಬರೇ ಸಿಸ್ಟರ್, ಅಜ್ಜಿ ಮತ್ತು ನಾನು,” ಎಂದಳು. ತಂದೆತಾಯಿ ಇಬ್ಬರೂ ಕುವೈತಿನಲ್ಲಿ. ಮುಖ್ಯೋಪಾಧ್ಯಾಯಿನಿ ಕೇಳಿದರು: “ಅಪ್ಪ ಅಮ್ಮನ ನೊವೆಂ ಯಾರು ಕಳುಹಿಸುತ್ತಾರೆ?” “ನಾನೇ. ವಿಳಾಸ ಬರೆಯುವುದೂ ನಾನೇ.” “ಹಾಗಾದರೆ ನಾಲ್ಕು ಜನ ಅಂತ ಹೇಳು ಮಗೂ.” ಹುಡುಗಿ ತಲೆಯೆತ್ತಿ ಗಟ್ಟಿಯಾಗಿ “ನಾಲ್ಕು” ಎಂದಳು. ಪಕ್ಕದಲ್ಲಿದ್ದ ಬಂಟರ ಹುಡುಗ, ತಮ್ಮ ಮನೆಯಲ್ಲೂ ಕದಿರು ಕಟ್ಟುತ್ತಾರೆ, ಹೊಸ ಅಕ್ಕಿಯೂಟಕ್ಕೆ ಮುಂಬಯಿಯ ಮಾವ ಬರುತ್ತಾರೆ ಎಂದು ಲೆಕ್ಕ ಕೂಡಿಸಿದ.

ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಇಂದು ಶಾಲೆಗಳಲ್ಲಿ ವಿಶೇಷ ಕಾಳಜಿ ಮೂಡಿದೆ, ಆಪ್ತಸಮಾಲೋಚಕರೂ ಬಂದಿದ್ದಾರೆ. ಅವೆಲ್ಲ ಬೇಕಾದುವೇ. ಆದರೆ ಮಗುವಿನ ಧೈರ್ಯಕ್ಕೆ ಮೊದಲ ಆಧಾರ, ತನ್ನನ್ನು ಯಾರೋ ಲೆಕ್ಕಕ್ಕೆ ಹಿಡಿದಿದ್ದಾರೆಂಬ ನಂಬಿಕೆಯಲ್ಲವೆ? ತಾನೂ ಇನ್ನೊಬ್ಬರ ಪಾಲನ್ನು ತೆಗೆದಿಡಬಲ್ಲೆನೆಂಬ ಅರಿವು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು.

ಕರಾವಳಿಯ ಗದ್ದೆಗಳು ಎಷ್ಟೋ ಕಡೆ ಮನೆಗಳ ಅಡಿಪಾಯಗಳಾಗಿವೆ. ತೆನೆಯನ್ನು ಹುಡುಕಿ ತರಬೇಕಾದ ಊರುಗಳೂ ಇವೆ. ತೆನೆ ದುರ್ಲಭವಾದರೂ ಚಿಂತೆಯಿಲ್ಲ. ಒಂದು ಕಾಳಿದ್ದರೂ ಪುಡಿಮಾಡಿ ಹಂಚಬಹುದು. ದೂರದವರ ಪಾಲನ್ನು ಎತ್ತಿಡಬೇಕೆಂಬ ನೆನಪು ಮಾತ್ರ ಮಕ್ಕಳಿಗೆ ಉಳಿಯಲಿ.