‘ಇಬಾಶೊ’ ಅಂದರೆ ಇರುವ ಜಾಗ: ಕೊರೊನಾ ಕಾಲದ ಜಪಾನಿನಲ್ಲಿ ಯುವಜನರ ಮನಸ್ಸು

ಗೋಷ್ಠಿಯಲ್ಲಿ ಇದುವರೆಗೆ ಮಾತಾಡಿದವರೆಲ್ಲ ಗಡಿನಾಡಿನ ಕನ್ನಡದ ಸುತ್ತಲೇ ಇದ್ದರು. ನಾನು ಸ್ವಲ್ಪ ದೂರ, ಜಪಾನಿಗೆ ಹೋಗುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗೆ ಮನೋವೈದ್ಯಶಾಸ್ತ್ರದಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನಾನು ವೈದ್ಯಶಾಸ್ತ್ರ ಹೇಳಲು ಹೊರಟಿಲ್ಲ. 2020ರಲ್ಲಿ ಆ ದ್ವೀಪದೇಶದ ಇಪ್ಪತ್ತರ ಆಸುಪಾಸಿನವರಿಗೆ ಏನಾಯಿತು, ಅದನ್ನು ಹೇಳಲು ಅಲ್ಲಿನವರು ಯಾವ ಮಾತುಗಳನ್ನು ಬಳಸಿದರು ಅನ್ನುವುದಷ್ಟೇ ನನ್ನ ವಿಷಯ. ಆತ್ಮಹತ್ಯೆಯ ಅಂಕಿಅಂಶಗಳು ನಡುವೆ ಬರುತ್ತವೆ, ಮೊದಲೇ ಹೇಳಿಬಿಡುತ್ತೇನೆ.

ಮೊದಲನೇ ಮಾತು ‘ಜಿಶುಕು’. ‘ಜಿ’ ಅಂದರೆ ತಾನು, ‘ಶುಕು’ ಅಂದರೆ ಹಿಡಿತ, ಗಂಭೀರವಾಗಿರುವುದು. ನಮ್ಮಲ್ಲಿ ಸ್ವಯಂಸಂಯಮ ಅನ್ನಬಹುದು. ಜಪಾನಿನ ಕಾನೂನಿನಲ್ಲಿ ಜನರನ್ನು ಬಲವಂತವಾಗಿ ಮನೆಯಲ್ಲಿ ಕೂರಿಸುವ ಅಧಿಕಾರ ಸರಕಾರಕ್ಕೆ ಇರಲಿಲ್ಲ. 2020ರ ಏಪ್ರಿಲ್ 7ರಂದು ಟೋಕಿಯೊ, ಒಸಾಕಾ ಸೇರಿ ಏಳು ಪ್ರಾಂತ್ಯಗಳಿಗೆ ತುರ್ತುಸ್ಥಿತಿ ಘೋಷಣೆಯಾಯಿತು, 16ಕ್ಕೆ ಇಡೀ ದೇಶಕ್ಕೆ ವಿಸ್ತರಿಸಿತು. ಆದರೂ ಹೊರಟದ್ದು ಆಜ್ಞೆಯಲ್ಲ, ‘ಜಿಶುಕುವಿನ ವಿನಂತಿ’. ನೀವೇ ನಿಮ್ಮನ್ನು ಹಿಡಿದುಕೊಳ್ಳಿ ಅಂತ ಸರಕಾರ ಕೇಳಿಕೊಳ್ಳುವುದು! ಮಾತಿನಲ್ಲೇ ಒಂದು ವಿರೋಧಾಭಾಸ ಇದೆ ನೋಡಿ. ಅದೇ ದಿನಗಳಲ್ಲಿ ನಮ್ಮ ಕಡೆ ತಲಪಾಡಿಯ ಗಡಿ ಮುಚ್ಚಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು. ಕಾಸರಗೋಡಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನಮಗೆ ಸಿಟ್ಟು ಮಾಡಲು ಎದುರಿಗೆ ಒಂದು ಮಣ್ಣಿನ ದಿಬ್ಬ ಇತ್ತು. ಅಲ್ಲಿನ ಹುಡುಗ ಹುಡುಗಿಯರಿಗೆ ಅದೂ ಇರಲಿಲ್ಲ. ಹೊರಗೆ ಹೋದರೆ ತಡೆಯುವವರಿಲ್ಲ, ಆದರೆ ಹೋದದ್ದಕ್ಕೆ ತಪ್ಪಿತಸ್ಥ ಭಾವನೆ ಮಾತ್ರ ಪೂರ್ತಿ ನಿಮ್ಮದೇ. ನೆರೆಹೊರೆಯವರೇ ಕಾವಲು ಕಾಯತೊಡಗಿದಾಗ ‘ಜಿಶುಕು ಪೊಲೀಸ್’ ಅನ್ನುವ ವ್ಯಂಗ್ಯದ ಮಾತು ಹುಟ್ಟಿಕೊಂಡಿತು. ಪದವಿ ಮುಗಿದ ಖುಷಿಗೆ ಯುರೋಪ್ ಪ್ರವಾಸ ಹೋಗಿ ಸೋಂಕಿನೊಂದಿಗೆ ಮರಳಿದ ಕ್ಯೋಟೊದ ಕೆಲವು ವಿದ್ಯಾರ್ಥಿಗಳಿಂದಾಗಿ ಅವರ ವಿಶ್ವವಿದ್ಯಾಲಯಕ್ಕೇ ಬೈಗುಳದ, ಬೆದರಿಕೆಯ ಕರೆಗಳು ಬಂದವು. ಕಾಯಿಲೆ ಬಿದ್ದವರು ಕ್ಷಮೆ ಕೇಳಬೇಕಾದ ವಾತಾವರಣ ಅದು.

ಇನ್ನು ಅಂಕಿಗಳು. ಜಪಾನಿನಲ್ಲಿ 1998ರಿಂದ 2011ರವರೆಗೆ ಸತತ ಹದಿನಾಲ್ಕು ವರ್ಷ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡಿದ್ದರು. 2006ರಲ್ಲಿ ಇದಕ್ಕಾಗಿಯೇ ಕಾನೂನು ಬಂತು. ಆಮೇಲೆ ಸಂಖ್ಯೆ ಇಳಿಯುತ್ತಾ ಇಳಿಯುತ್ತಾ 2019ರಲ್ಲಿ 20,169ಕ್ಕೆ ಬಂದಿತ್ತು. 2020ರಲ್ಲಿ 21,081 ಆಯಿತು. ಹನ್ನೊಂದು ವರ್ಷಗಳಲ್ಲಿ ಮೊದಲ ಏರಿಕೆ.

ಆದರೆ ಇಡೀ ವರ್ಷದ ಈ ಒಂದು ಅಂಕಿ ನಮ್ಮನ್ನು ದಾರಿ ತಪ್ಪಿಸುತ್ತದೆ ಅಂತ ನನಗನ್ನಿಸುತ್ತದೆ. ತನಾಕಾ ಮತ್ತು ಒಕಾಮೊಟೊ ಎಂಬ ಇಬ್ಬರು ಸಂಶೋಧಕರು ತಿಂಗಳು ತಿಂಗಳಿನ ಲೆಕ್ಕ ಬಿಡಿಸಿ 2021ರ ಜನವರಿಯಲ್ಲಿ ಪ್ರಕಟಿಸಿದರು. ಫೆಬ್ರವರಿಯಿಂದ ಜೂನ್‌ವರೆಗೆ ಆತ್ಮಹತ್ಯೆಯ ಪ್ರಮಾಣ ಶೇ. 14ರಷ್ಟು ಇಳಿದಿತ್ತು! ಜುಲೈಯಿಂದ ಅಕ್ಟೋಬರ್‌ವರೆಗೆ ಶೇ. 16ರಷ್ಟು ಏರಿತು. ಹೆಂಗಸರಲ್ಲಿ ಆ ಏರಿಕೆ ಶೇ. 37, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 49. ಅಂದ್ರೆ ಬಾಗಿಲು ಮುಚ್ಚಿದಾಗ ಅಲ್ಲ, ಬಾಗಿಲು ತೆರೆದ ಮೇಲೆ ಕಷ್ಟ ಬಂದದ್ದು. ಮುಚ್ಚಿದ ದಿನಗಳಲ್ಲಿ ಎಲ್ಲರೂ ಒಂದೇ ದೋಣಿಯಲ್ಲಿದ್ದರು. ಶಾಲೆಯ ಒತ್ತಡ ಇಲ್ಲ, ಆಫೀಸಿನ ತಡರಾತ್ರಿ ಇಲ್ಲ, ದೇಶದಲ್ಲಿ ವಾಸವಿದ್ದ ಪ್ರತಿಯೊಬ್ಬರಿಗೂ ಸರಕಾರ ಒಂದು ಲಕ್ಷ ಯೆನ್ ಕೊಟ್ಟಿತು. ಬೇಸಿಗೆಯ ಹೊತ್ತಿಗೆ ಕೆಲವರು ದಡ ಸೇರಿದ್ದರು, ಕೆಲವರು ಇನ್ನೂ ನೀರಿನಲ್ಲೇ ಇದ್ದರು. ತಾನೊಬ್ಬನೇ ಹಿಂದೆ ಉಳಿದೆ ಅನ್ನುವುದು ಎಲ್ಲರ ಜೊತೆ ಮುಳುಗುವುದಕ್ಕಿಂತ ಬೇರೆಯದೇ ನೋವು.

ಆ ವರ್ಷ ಗಂಡಸರ ಆತ್ಮಹತ್ಯೆ ಸ್ವಲ್ಪ ಇಳಿದಿತ್ತು, ಏರಿದ್ದು ಹೆಂಗಸರದ್ದು. ಅಕ್ಟೋಬರ್ ಒಂದೇ ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಶೇ. 80ಕ್ಕೂ ಹೆಚ್ಚು. ಯಾಕೆ? ಜಪಾನಿನ ಉದ್ಯೋಗಸ್ಥ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಯಂ ನೌಕರಿಯಲ್ಲಿಲ್ಲ. ಹೋಟೆಲು, ಅಂಗಡಿ, ಪ್ರವಾಸ ಇಂಥ ಕಡೆ ಗಂಟೆಯ ಲೆಕ್ಕದಲ್ಲಿ ದುಡಿಯುತ್ತಾರೆ. ಮೊದಲು ಮುಚ್ಚಿದ್ದು ಅವೇ. ಜೊತೆಗೆ ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಜನಪ್ರಿಯ ನಟ ನಟಿಯರ ಸಾವುಗಳಾದವು. ಅವುಗಳನ್ನು ಮಾಧ್ಯಮಗಳು ಪದೇಪದೇ ತೋರಿಸಿದ್ದರ ಪರಿಣಾಮದ ಬಗ್ಗೆ ಅಲ್ಲಿ ಸಾಕಷ್ಟು ಚರ್ಚೆಯಾಗಿದೆ. ಒಂದೇ ಕಾರಣ ಹುಡುಕುವುದು ಬೇಡ. ಕೊರೊನಾದಿಂದ ಆತ್ಮಹತ್ಯೆ ಅಂತ ಪತ್ರಿಕೆಯ ತಲೆಬರಹದ ಹಾಗೆ ಹೇಳಿದರೆ ಬಾಡಿಗೆ, ಸಾಲ, ಮನೆಯೊಳಗಿನ ಹಿಂಸೆ ಎಲ್ಲ ಮರೆಯಾಗಿಬಿಡುತ್ತವೆ.

ವಿದ್ಯಾರ್ಥಿಗಳ ಕಥೆ ಬೇರೆ ರೀತಿಯದು. ಜಪಾನಿನಲ್ಲಿ ಶೈಕ್ಷಣಿಕ ವರ್ಷ ಆರಂಭವಾಗುವುದು ಏಪ್ರಿಲಿನಲ್ಲಿ, ಅಂದರೆ ಸರಿಯಾಗಿ ತುರ್ತುಸ್ಥಿತಿಯ ತಿಂಗಳಲ್ಲಿ. ಊರು ಬಿಟ್ಟು ಟೋಕಿಯೊದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದ ಹೊಸ ವಿದ್ಯಾರ್ಥಿಗೆ ಪ್ರವೇಶ ಸಮಾರಂಭ ಇಲ್ಲ, ‘ಸರ್ಕಲ್’ ಅಂತ ಕರೆಯುವ ಅಲ್ಲಿನ ವಿದ್ಯಾರ್ಥಿ ಕೂಟಗಳಿಲ್ಲ, ಖರ್ಚಿಗೆ ಮಾಡುವ ‘ಅರುಬೈಟೊ’ ಕೆಲಸವೂ ಇಲ್ಲ. (ಇದು ಜರ್ಮನ್ ಭಾಷೆಯಿಂದ ಬಂದ ಪದವಂತೆ, ಎಷ್ಟು ಜಪಾನಿಯಾಗಿಬಿಟ್ಟಿದೆ ನೋಡಿ.) ಶಾಲೆಗಳು ಜೂನಿನ ಹೊತ್ತಿಗೆ ತೆರೆದವು, ಆದರೆ ಎಷ್ಟೋ ವಿಶ್ವವಿದ್ಯಾಲಯಗಳು ಆನ್‌ಲೈನಿನಲ್ಲೇ ಉಳಿದವು. ಹೋಟೆಲಿಗೆ ಹೋಗಬಹುದು, ಪ್ರವಾಸಕ್ಕೆ ಸರಕಾರವೇ ರಿಯಾಯಿತಿ ಕೊಡುತ್ತದೆ, ನಾವು ಮಾತ್ರ ತರಗತಿಗೆ ಹೋಗುವ ಹಾಗಿಲ್ಲವಾ ಅಂತ ಆ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಟ್ವಿಟರಿನಲ್ಲಿ ಕೇಳಿದರು. ನನಗೆ ಅವರ ಪ್ರಶ್ನೆ ಪೂರ್ತಿ ನ್ಯಾಯವಾದದ್ದು ಅನ್ನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜಪಾನ್, ಯುವಜನ, ಒಂಟಿತನ ಅಂದ ಕೂಡಲೇ ನಮ್ಮಲ್ಲಿ ‘ಹಿಕಿಕೊಮೊರಿ’ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಮನೋವೈದ್ಯ ಸೈತೊ ತಮಾಕಿ 1998ರ ತಮ್ಮ ಪುಸ್ತಕದಿಂದ ಪ್ರಸಿದ್ಧಗೊಳಿಸಿದ ಆ ಪದಕ್ಕೆ ನಿಶ್ಚಿತ ಅರ್ಥ ಇದೆ: ಆರು ತಿಂಗಳಿಗಿಂತ ಹೆಚ್ಚು ಕಾಲ ಸಮಾಜದಿಂದ ದೂರವಾಗಿ ಮನೆಯೊಳಗೇ ಉಳಿದವರು. 2023ರಲ್ಲಿ ಪ್ರಕಟವಾದ ಸರಕಾರಿ ಸಮೀಕ್ಷೆ ಇಂಥವರು ಸುಮಾರು 14.6 ಲಕ್ಷ ಇರಬಹುದು ಅಂತ ಅಂದಾಜು ಮಾಡಿತು. ಅವರಲ್ಲಿ ಐದರಲ್ಲಿ ಒಂದು ಭಾಗದಷ್ಟು ಜನ ಕೊರೊನಾವನ್ನೂ ಕಾರಣವಾಗಿ ಹೇಳಿದ್ದರು. ಆದರೆ ತರಗತಿಗೆ ಹೋಗಬೇಕು ಅಂತ ಹಂಬಲಿಸಿ ಕೋಣೆಯಲ್ಲಿ ಕೂತ ಹುಡುಗಿ ಹಿಕಿಕೊಮೊರಿ ಅಲ್ಲ. ಅವಳು ಬಾಗಿಲು ಹಾಕಿಕೊಂಡವಳಲ್ಲ, ಬಾಗಿಲು ಹಾಕಿಸಿಕೊಂಡವಳು. ಕನ್ನಡದ ಪ್ರೇರಣಾರ್ಥಕ ಪ್ರತ್ಯಯ ಇಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಅಲ್ವಾ?

ಹಾಗಾದರೆ ಅವಳಿಗೆ ಇಲ್ಲದೇ ಹೋದದ್ದು ಏನು? ಜಪಾನಿಯರು ‘ಇಬಾಶೊ’ ಅನ್ನುತ್ತಾರೆ. ‘ಬಾಶೊ’ ಅಂದರೆ ಜಾಗ, ‘ಇ’ ಬಂದದ್ದು ‘ಇರು’ ಅನ್ನುವ ಕ್ರಿಯಾಪದದಿಂದ. ಹೌದು, ನಮ್ಮದೇ ‘ಇರು’ವಿನ ಹಾಗೆ ಕೇಳಿಸುತ್ತದೆ, ಜೀವ ಇರುವವರು ಇರುವುದಕ್ಕೆ ಅವರು ಬಳಸುವ ಪದ. ಸುಸುಮು ಓನೊ ಅನ್ನುವ ವಿದ್ವಾಂಸರು ಜಪಾನಿ ಭಾಷೆಗೂ ತಮಿಳಿಗೂ ನಂಟಿದೆ ಅಂತ ಬಹಳ ಬರೆದರು, ಭಾಷಾಶಾಸ್ತ್ರಜ್ಞರು ಹೆಚ್ಚಿನವರು ಒಪ್ಪಲಿಲ್ಲ. ಇದೂ ಆಕಸ್ಮಿಕವೇ ಇರಬೇಕು. ಆದರೂ ‘ಇರುವ ಜಾಗ’ ಅಂತ ಅನುವಾದಿಸಿದಾಗ ಏನೂ ಸೋರಿಹೋಗುವುದಿಲ್ಲ. ಅದು ಮನೆಯಲ್ಲ, ವಿಳಾಸವಲ್ಲ. ನೀನು ಯಾಕೆ ಇಲ್ಲಿದ್ದೀಯ ಅಂತ ಯಾರೂ ಕೇಳದ ಜಾಗ.

2020ರ ಮಾರ್ಚಿನಲ್ಲಿ ಕೇಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಓಜೊರಾ ಕೋಕಿ, ಆಗ ಅವರಿಗೆ ಇಪ್ಪತ್ತೊಂದು ವರ್ಷ, ‘ಅನಾತಾ ನೊ ಇಬಾಶೊ’ ಅನ್ನುವ ಸಂಸ್ಥೆ ಆರಂಭಿಸಿದರು. ‘ನೀನು ಇರುವ ಜಾಗ’ ಅಂತ ಅರ್ಥ. ದಿನದ 24 ಗಂಟೆ ಚಾಟ್ ಮೂಲಕ ಮಾತಾಡಬಹುದು. ಫೋನ್ ಸಹಾಯವಾಣಿ ಜಪಾನಿಗೆ ಹೊಸದಲ್ಲ, ಟೋಕಿಯೊದ ‘ಇನೊಚಿ ನೊ ದೆನ್ವಾ’ 1971ರಿಂದ ಇದೆ. ಆದರೆ ಹೊಸ ತಲೆಮಾರು ಫೋನ್ ಮಾಡುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ನಗಾನೊ ಪ್ರಾಂತ್ಯ ಶಾಲಾ ಮಕ್ಕಳಿಗಾಗಿ ಎರಡು ವಾರ ಲೈನ್ ಆ್ಯಪಿನಲ್ಲಿ ಸಲಹಾ ಸೇವೆ ತೆರೆದಾಗ ಬಂದ ಸಂದೇಶಗಳು ಹಿಂದಿನ ಇಡೀ ವರ್ಷದ ಫೋನ್ ಕರೆಗಳನ್ನು ಮೀರಿದ್ದವು. ತಾಯಿ ತಂದೆ ಪಕ್ಕದ ಕೋಣೆಯಲ್ಲೇ ಇದ್ದಾಗ, ತೆಳ್ಳಗಿನ ಗೋಡೆಯ ಮನೆಯಲ್ಲಿ, ಬಾಯಿ ಬಿಟ್ಟು ಏನು ಹೇಳಲಿಕ್ಕಾಗುತ್ತದೆ? ಬೆರಳು ಸದ್ದು ಮಾಡುವುದಿಲ್ಲ. ಓಜೊರಾ ಅವರ ವ್ಯವಸ್ಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶ ಇದೆ. ಅತಿ ಹೆಚ್ಚು ಸಂದೇಶ ಬರುವುದು ಮಧ್ಯರಾತ್ರಿಯ ನಂತರ, ಸ್ವಯಂಸೇವಕರು ನಿದ್ದೆಗೆಡುವುದು ಕಷ್ಟ. ಅದಕ್ಕೆ ಅವರು ಹೊರದೇಶದಲ್ಲಿ ನೆಲೆಸಿದ ಜಪಾನಿಯರನ್ನು ಸೇರಿಸಿಕೊಂಡರು. ಟೋಕಿಯೊದ ನಡುರಾತ್ರಿ ಯುರೋಪಿನಲ್ಲಿ ಸಂಜೆ. ಹೊರನಾಡಿನವರ ಭಾಷೆ ಊರಿನವರ ರಾತ್ರಿಗೆ ಕಾವಲಾಯಿತು.

2021ರ ಫೆಬ್ರವರಿಯಲ್ಲಿ ಪ್ರಧಾನಿ ಸುಗಾ ಅವರು ಸಕಾಮೊಟೊ ತೆತ್ಸುಶಿ ಅವರಿಗೆ ಒಂಟಿತನದ ಖಾತೆ ಕೊಟ್ಟರು. ಇನ್ನೊಂದು ದ್ವೀಪದೇಶ ಬ್ರಿಟನ್ 2018ರಲ್ಲೇ ಇದನ್ನು ಮಾಡಿತ್ತು. 2023ರಲ್ಲಿ ಕಾನೂನೇ ಆಯಿತು, 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರ ಹೆಸರಿನಲ್ಲೇ ಎರಡು ಪದಗಳಿವೆ: ‘ಕೊದೊಕು’ ಮತ್ತು ‘ಕೊರಿತ್ಸು’. ಮೊದಲನೆಯದು ಒಳಗೆ ಅನ್ನಿಸುವ ಒಂಟಿತನ, ಎರಡನೆಯದು ಹೊರಗೆ ಕಾಣುವ, ಎಣಿಸಬಹುದಾದ ಸಂಪರ್ಕವಿಲ್ಲದ ಸ್ಥಿತಿ. ನಾವು ಎಲ್ಲದಕ್ಕೂ ಒಂಟಿತನ ಅಂತಲೇ ಹೇಳುತ್ತೇವೆ. ಇನ್ನೊಂದು ಕಡೆ ನಮ್ಮಲ್ಲಿ ‘ಏಕಾಂತ’ ಇದೆ, ಬೇಕು ಅಂತ ಆರಿಸಿಕೊಂಡದ್ದು, ಭಕ್ತರೂ ಕವಿಗಳೂ ಹುಡುಕಿಕೊಂಡು ಹೋದದ್ದು. ಈ ಪದದ ಗೌರವವೇ ಒಮ್ಮೊಮ್ಮೆ ತೊಂದರೆ ಮಾಡುತ್ತದೆ ಅನ್ನುವುದು ನನ್ನ ಗುಮಾನಿ. ಕೋಣೆ ಬಿಟ್ಟು ಬಾರದ ಹುಡುಗನನ್ನು ‘ಅವನಿಗೆ ಏಕಾಂತ ಇಷ್ಟ’ ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ.

ಭಾಷೆಯ ಇನ್ನೊಂದು ಮುಖ: ಜಪಾನಿನಲ್ಲಿದ್ದ ವಿದೇಶಿ ವಿದ್ಯಾರ್ಥಿಗಳಿಗೆ ಇನೊಚಿ ನೊ ದೆನ್ವಾ ಇದ್ದೂ ಇಲ್ಲದ ಹಾಗೆ. ಟೋಕಿಯೊದಲ್ಲಿ 1973ರಿಂದ ಇಂಗ್ಲಿಷಿನ ಸಹಾಯವಾಣಿ ಒಂದಿದೆ, ಆದರೆ ನೇಪಾಳಿಯೋ ವಿಯೆಟ್ನಾಮಿಯೋ ಮಾತಾಡುವವರಿಗೆ ಇಂಗ್ಲಿಷೂ ಕಲಿತ ಭಾಷೆಯೇ. ಕಲಿತ ಭಾಷೆಯಲ್ಲಿ ಸಂದರ್ಶನ ಕೊಡಬಹುದು, ಅರ್ಜಿ ಬರೆಯಬಹುದು, ‘ಬದುಕುವುದು ಬೇಡ ಅನ್ನಿಸುತ್ತಿದೆ’ ಅಂತ ಹೇಳುವುದು ಕಷ್ಟ. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಉಚಿತವಾಗಿ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಸೊಲ್ಲಾಪುರ, ತಾಳವಾಡಿ, ಮಡಕಶಿರಾ ಕಡೆಯಿಂದ ಇವತ್ತು ಸೇರಿಕೊಂಡ ಗೆಳೆಯರು ದಯವಿಟ್ಟು ಈ ಸಂಖ್ಯೆ ಬರೆದುಕೊಳ್ಳಿ, ನಿಮ್ಮ ಹಾಸ್ಟೆಲಿನ ಗೋಡೆಗೆ ಕನ್ನಡದಲ್ಲೂ ಆ ಊರಿನ ಭಾಷೆಯಲ್ಲೂ ಅಂಟಿಸಿ. ಚಾಟ್‌ನಲ್ಲಿ ‘ಜಿಶುಕು’ ಬಗ್ಗೆ ಎರಡು ಪ್ರಶ್ನೆ ಬಂದಿವೆ, ಈಗ ಅವನ್ನು ತೆಗೆದುಕೊಳ್ಳುತ್ತೇನೆ.